ಮೈಸೂರು–ಮಂಡ್ಯದ ಯುವಜನರು ಹೋಟೆಲ್ ಉದ್ಯೋಗಕ್ಕೆ ಬರಬೇಕಾದರೆ ಏನು ಬದಲಾಗಬೇಕು?

ಅಗ್ರಹಾರದ ಹೋಟೆಲ್‌ನವರು (ಚರ್ಚೆ ಆರಂಭಿಸಿದವರು, ಮೈಸೂರು)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಹೋಟೆಲ್ ನಡೆಸುವ ಇಬ್ಬರು ಎದುರಾದರೆ ಈಗ ಮೊದಲು ಬರುವ ಮಾತು ತರಕಾರಿಯ ಬೆಲೆಯದಲ್ಲ, ಸಿಲಿಂಡರಿನ ದರದ್ದೂ ಅಲ್ಲ. ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂಬುದು. ಆ ಮಾತು ಸಾಮಾನ್ಯವಾಗಿ "ಈಗಿನ ಹುಡುಗರಿಗೆ ಮೈಬಗ್ಗಿಸಿ ದುಡಿಯುವುದು ಬೇಡವಾಗಿದೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಅದೇ ಹುಡುಗರು ಮಳೆ ಬಿಸಿಲೆನ್ನದೆ ನಮ್ಮದೇ ಅಡುಗೆಮನೆಯ ಪಾರ್ಸಲ್‌ಗಳನ್ನು ಬೈಕಿನಲ್ಲಿ ಹೊತ್ತು ಬಡಾವಣೆಯಿಂದ ಬಡಾವಣೆಗೆ ಓಡಾಡುತ್ತಿದ್ದಾರೆ; ಹೆಬ್ಬಾಳ, ನಂಜನಗೂಡಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ದುಡಿಮೆಗೆ ಹೆದರುವವರು ಇದನ್ನೆಲ್ಲ ಮಾಡುವುದಿಲ್ಲ. ನಾವು ದುಡಿಸಿಕೊಳ್ಳುವ ರೀತಿಯೇ ಅವರನ್ನು ದೂರವಿಟ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದೆ ಹೋಟೆಲುಗಳಿಗೆ ಜನ ಹೇಗೆ ಬರುತ್ತಿದ್ದರು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಉಡುಪಿ, ಕುಂದಾಪುರದ ಕಡೆಯಿಂದಲೋ ಮಲೆನಾಡಿನಿಂದಲೋ ಹನ್ನೆರಡು ಹದಿಮೂರರ ಹುಡುಗನೊಬ್ಬ ಊರಿನವರೊಬ್ಬರ ಕೈಹಿಡಿದು ಬರುತ್ತಿದ್ದ. ಲೋಟ ತೊಳೆಯುವುದರಿಂದ ಆರಂಭಿಸಿ ಕ್ಲೀನರ್ ಆಗಿ, ಸಪ್ಲೈಯರ್ ಆಗಿ, ಅಡುಗೆ ಭಟ್ಟರ ಬಳಿ ಕೈಪಳಗಿಸಿಕೊಂಡು, ವಿಶ್ವಾಸ ಗಳಿಸಿದ ಮೇಲೆ ಗಲ್ಲಾದಲ್ಲಿ ಕುಳಿತು, ಅದೃಷ್ಟವಿದ್ದರೆ ಮುಂದೊಂದು ದಿನ ತನ್ನದೇ ಹೋಟೆಲ್ ತೆರೆಯುತ್ತಿದ್ದ. ಆ ವ್ಯವಸ್ಥೆಯಲ್ಲಿ ಮೇಲೇರುವ ಮೆಟ್ಟಿಲುಗಳಿದ್ದವು. ಆದರೆ ಅದು ನಿಂತಿದ್ದುದು ಮಕ್ಕಳ ಶಾಲೆಯನ್ನು ಕಿತ್ತುಕೊಂಡು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದು ನಿಷೇಧವಾಯಿತು. ಅದು ನ್ಯಾಯವಾದ ನಿಷೇಧ, ಇನ್ನೂ ಮುಂಚೆಯೇ ಬರಬೇಕಾಗಿತ್ತು. ಆದರೆ ಆ ಬಾಗಿಲು ಮುಚ್ಚಿದ ಮೇಲೆ, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಮುಗಿಸಿದ ಹದಿನೆಂಟರ ಹುಡುಗ ಹುಡುಗಿಯರು ಒಳಬರಲು ಬೇರೊಂದು ಬಾಗಿಲನ್ನು ನಮ್ಮ ಉದ್ಯಮ ಕಟ್ಟಲೇ ಇಲ್ಲ. ಅಸ್ಸಾಂ, ಒಡಿಶಾ, ಬಿಹಾರ, ನೇಪಾಳದಿಂದ ಬಂದ ಕೆಲಸಗಾರರು ಆ ಜಾಗ ತುಂಬಿದ್ದರಿಂದ ಕಟ್ಟುವ ತುರ್ತು ಯಾರಿಗೂ ಕಾಣಲಿಲ್ಲ. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ, ಅವರಿಂದಲೇ ನಮ್ಮ ಒಲೆ ಉರಿಯುತ್ತಿದೆ. ಆದರೂ ಸಾವಿರಾರು ಮೈಲಿ ದೂರದಿಂದ ಬಂದವರು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಷರತ್ತುಗಳನ್ನೇ ನಾವು ಉದ್ಯಮದ ನಿಯಮವೆಂದು ತಿಳಿದು, ಪಾಂಡವಪುರದ ಹುಡುಗ ಅದಕ್ಕೆ ಒಪ್ಪದಿದ್ದಾಗ ಅವನನ್ನು ಸೋಮಾರಿ ಎನ್ನುವುದು ಸರಿಯಲ್ಲ.

ನಮ್ಮದು ಅತಿಥಿಗಳಿಗೆ ಬರವಿಲ್ಲದ ಸೀಮೆ. ಅರಮನೆ, ಚಾಮುಂಡಿಬೆಟ್ಟ, 1892ರಲ್ಲಿ ಆರಂಭವಾದ ಮೃಗಾಲಯ, ಕನ್ನಂಬಾಡಿ, ರಂಗನತಿಟ್ಟು, ಶ್ರೀರಂಗಪಟ್ಟಣ, ಮೇಲುಕೋಟೆ, ಜೊತೆಗೆ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರ. ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶಿಯರು ತಿಂಗಳುಗಟ್ಟಲೆ ಇಲ್ಲೇ ಉಳಿಯುತ್ತಾರೆ. ಇಷ್ಟಿದ್ದೂ ಇಲ್ಲಿಯ ಮಕ್ಕಳಿಗೆ ಈ ಉದ್ಯೋಗ ಏಕೆ ಬೇಡವಾಯಿತು? ಮಾಲೀಕರು ಮಾತ್ರವಲ್ಲದೆ ಕೆಲಸ ಮಾಡುವವರು, ಕಲಿಸುವವರು, ಮಕ್ಕಳನ್ನು ಕಳುಹಿಸಬೇಕಾದ ತಂದೆತಾಯಿಗಳು ಉತ್ತರಿಸಬೇಕೆಂದು ಕೋರುತ್ತೇನೆ.

ದೋಸೆ ಕಾವಲಿ (ಅಡುಗೆಯವರು, ನಜರ್‌ಬಾದ್)

ಮಾಲೀಕರೊಬ್ಬರು ಇದನ್ನು ಬಾಯಿಬಿಟ್ಟು ಕೇಳಿದ್ದಕ್ಕೆ ಸಂತೋಷವಾಯಿತು. ನಾನು ಕಾವಲಿಯ ಮುಂದೆ ನಿಲ್ಲುವವನು, ಹಾಗಾಗಿ ಕಾವಲಿಯಿಂದಲೇ ಹೇಳುತ್ತೇನೆ.

ಹೊಸಬನೊಬ್ಬನಿಗೆ ದೋಸೆ ಹೊಯ್ಯುವುದನ್ನು ಕಲಿಸಲು ತಿಂಗಳುಗಳು ಬೇಕು. ನೀರು ಚಿಮುಕಿಸಿದಾಗ ಹನಿಗಳು ಕುಣಿದು ಆರಬೇಕು; ನಿಂತು ಕುದಿದರೆ ಕಾವು ಸಾಲದು, ಬಿದ್ದೊಡನೆ ಮಾಯವಾದರೆ ಹಿಟ್ಟು ಅಂಟಿಕೊಂಡು ಬಟ್ಟಲಿನ ಹಿಂದೆಯೇ ಎದ್ದುಬರುತ್ತದೆ. ಬೆಳಿಗ್ಗೆಯ ಹಿಟ್ಟಿಗೂ ಸಂಜೆಯ ಹಿಟ್ಟಿಗೂ ಹುಳಿ ಬೇರೆ, ಅದಕ್ಕೆ ತಕ್ಕಂತೆ ಉರಿಯನ್ನೂ ನೀರನ್ನೂ ಬದಲಿಸಬೇಕು. ಒಂದೇ ಹೊತ್ತಿಗೆ ಹನ್ನೆರಡು ದೋಸೆ ಹಾಕಿ, ಯಾವುದಕ್ಕೆ ಪಲ್ಯ, ಯಾವುದಕ್ಕೆ ಬರೀ ಬೆಣ್ಣೆ, ಯಾವುದು ಮಕ್ಕಳಿಗೆ ಮೆತ್ತಗೆ ಬೇಕು ಎಂಬುದನ್ನು ತಲೆಯಲ್ಲಿಟ್ಟುಕೊಂಡು ಒಂದೂ ಸೀಯದಂತೆ ಎತ್ತಬೇಕು. ಇದು ವಿದ್ಯೆ. ಇದನ್ನು ಕಲಿತವನಿಗೆ ಪ್ರಮಾಣಪತ್ರವಿಲ್ಲ, ಹುದ್ದೆಯ ಹೆಸರಿಲ್ಲ. ಒಂದು ಹೋಟೆಲ್ ಬಿಟ್ಟು ಇನ್ನೊಂದಕ್ಕೆ ಹೋದರೆ "ಹಾಕಿ ತೋರಿಸು" ಎನ್ನುತ್ತಾರೆ, ಹಳೆಯ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಬ್ರೇಕ್ ಶಿಫ್ಟ್. ಬೆಳಿಗ್ಗೆ ಆರಕ್ಕೆ ಬಂದು ಊಟದ ಹೊತ್ತು ಮುಗಿಸಿ ಮೂರರವರೆಗೆ ನಿಂತು, ನಾಲ್ಕೂವರೆಗೆ ಮತ್ತೆ ಬಂದು ರಾತ್ರಿ ಹತ್ತೂವರೆಯವರೆಗೆ ಇರಬೇಕು. ನಡುವಿನ ಒಂದೂವರೆ ಗಂಟೆಯನ್ನು ವಿಶ್ರಾಂತಿ ಎಂದು ಬರೆದುಕೊಳ್ಳುತ್ತಾರೆ. ಮನೆ ದೂರವಿದ್ದವನು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು? ಪಾರ್ಕಿನ ಬೆಂಚಿನ ಮೇಲೆ ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ಮಲಗುವವರಲ್ಲಿ ನಮ್ಮವರು ಎಷ್ಟು ಮಂದಿ ಎಂಬುದನ್ನು ನಜರ್‌ಬಾದಿನ ಸುತ್ತ ಓಡಾಡುವವರು ನೋಡಿರುತ್ತಾರೆ. ಕಾರ್ಖಾನೆಯ ಹುಡುಗ ಪಾಳಿ ಮುಗಿಸಿ ಕ್ರಿಕೆಟ್ ಆಡುತ್ತಾನೆ, ಕರೆಸ್ಪಾಂಡೆನ್ಸ್ ಡಿಗ್ರಿ ಓದುತ್ತಾನೆ. ನಮ್ಮ ಹುಡುಗನಿಗೆ ದಿನವೇ ಇಲ್ಲ. ಸಂಬಳಕ್ಕಿಂತ ಮುಂಚೆ ಇದನ್ನು ಸರಿಪಡಿಸಿ ಎಂಬುದು ನನ್ನ ಮನವಿ.

ಪಾಳಿಪಟ್ಟಿ (ಕಾರ್ಮಿಕ ಕಾನೂನು ಸಲಹೆಗಾರರು, ಲಕ್ಷ್ಮೀಪುರಂ)

ಮೇಲಿನವರು ಹೇಳಿದ ಬ್ರೇಕ್ ಶಿಫ್ಟ್‌ಗೆ ಸಂಬಂಧಿಸಿದಂತೆ ಕಾನೂನಿನ ಸ್ಥಿತಿ ಹೀಗಿದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಸಾಮಾನ್ಯ ದುಡಿಮೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕೆ ಮೇಲ್ಪಟ್ಟರೆ ಎರಡರಷ್ಟು ದರದ ಹೆಚ್ಚುವರಿ ವೇತನ. ಕೆಲಸ ಮತ್ತು ವಿರಾಮವೆರಡೂ ಸೇರಿ ಒಂದು ದಿನದ ಒಟ್ಟು ಹರವು 12 ಗಂಟೆಯನ್ನು ದಾಟಬಾರದು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತೂವರೆಯೆಂದರೆ ಹದಿನಾರೂವರೆ ಗಂಟೆಯ ಹರವು. ನಡುವೆ ಎಷ್ಟೇ ವಿಶ್ರಾಂತಿ ಕೊಟ್ಟರೂ ಅದು ನಿಯಮಬದ್ಧವಾಗುವುದಿಲ್ಲ. ವಾರಕ್ಕೊಂದು ಪೂರ್ಣ ರಜೆ ಮತ್ತು ಲಿಖಿತ ನೇಮಕಾತಿ ಆದೇಶ ಇವೆರಡೂ ಕಡ್ಡಾಯ. ಹತ್ತು ಅಥವಾ ಹೆಚ್ಚು ಮಂದಿ ಇರುವ ಹೋಟೆಲಿಗೆ, ತಿಂಗಳಿಗೆ 21,000 ರೂಪಾಯಿಯವರೆಗೆ ವೇತನ ಪಡೆಯುವವರ ಮಟ್ಟಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ಇಪ್ಪತ್ತು ಮಂದಿ ಇದ್ದರೆ ಭವಿಷ್ಯನಿಧಿ.

ನೇಮಕಾತಿ ಆದೇಶವನ್ನು ಬಹಳ ಮಾಲೀಕರು ಕಾಗದದ ಕಿರಿಕಿರಿ ಎಂದು ಭಾವಿಸುತ್ತಾರೆ. ಆದರೆ ಇಪ್ಪತ್ತರ ಹುಡುಗನೊಬ್ಬ ಬ್ಯಾಂಕಿನಲ್ಲಿ ಬೈಕ್ ಸಾಲ ಕೇಳಲು ಹೋದಾಗ ಅವನ ಕೈಯಲ್ಲಿರಬೇಕಾದುದು ಆ ಕಾಗದ ಮತ್ತು ವೇತನ ಚೀಟಿ. ಕಾರ್ಖಾನೆ ಅದನ್ನು ಕೊಡುತ್ತದೆ, ಹೋಟೆಲ್ ಕೊಡುವುದಿಲ್ಲ ಎಂದಾದರೆ ಅವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದನ್ನು ಹೇಳಬೇಕಾಗಿಲ್ಲ.

ಹಳೆ ಹೆದ್ದಾರಿ (ಹೋಟೆಲ್ ಮಾಲೀಕರು, ಮದ್ದೂರು)

ಎಲ್ಲವೂ ಸರಿ, ಆದರೆ ಇದರ ವೆಚ್ಚವನ್ನು ಯಾರು ಹೊರಬೇಕು ಎಂಬುದನ್ನೂ ದಯವಿಟ್ಟು ಚರ್ಚಿಸಿ. ಮದ್ದೂರು ವಡೆಯ ಹೆಸರಿನಲ್ಲಿ ಬೆಂಗಳೂರು–ಮೈಸೂರು ರಸ್ತೆಯ ವಾಹನಗಳೆಲ್ಲ ನಮ್ಮ ಊರಿನಲ್ಲಿ ನಿಲ್ಲುತ್ತಿದ್ದ ಕಾಲವೊಂದಿತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಊರ ಹೊರಗಿನಿಂದಲೇ ವಾಹನಗಳು ಹಾದುಹೋಗುತ್ತಿವೆ. ಹಳೆಯ ರಸ್ತೆಯ ಹೋಟೆಲುಗಳಲ್ಲಿ ಮಧ್ಯಾಹ್ನದ ಟೇಬಲ್‌ಗಳು ಖಾಲಿ. ಇಂಥ ಸ್ಥಿತಿಯಲ್ಲಿ ಒಬ್ಬನ ಜಾಗಕ್ಕೆ ಇಬ್ಬರನ್ನು ಇಟ್ಟುಕೊಳ್ಳಿ ಎಂದರೆ ಬಾಗಿಲು ಹಾಕಬೇಕಾಗುತ್ತದೆ. ಕಾಫಿಗೆ ಐದು ರೂಪಾಯಿ ಹೆಚ್ಚಿಸಿದರೆ ಗಿರಾಕಿ ಗಲ್ಲಾದ ಮುಂದೆ ನಿಂತು ಜಗಳ ಮಾಡುತ್ತಾರೆ. ಯುವಕರು ಬರಬೇಕೆಂಬ ಆಸೆ ನನಗೂ ಇದೆ. ನನ್ನ ಮಗನೇ ಈ ವ್ಯಾಪಾರ ಬೇಡವೆಂದು ಬೆಂಗಳೂರಿನ ಕಂಪನಿ ಸೇರಿದ್ದಾನೆ.

ಅಗ್ರಹಾರದ ಹೋಟೆಲ್‌ನವರು

ಮದ್ದೂರಿನ ಹಿರಿಯರ ಕಷ್ಟ ನನಗೆ ಅರ್ಥವಾಗುತ್ತದೆ, ಹಾಗಾಗಿ ಉಪದೇಶದ ಬದಲು ನಮ್ಮಲ್ಲಿ ಹೇಗೆ ಮಾಡಿಕೊಂಡಿದ್ದೇವೆ ಎಂಬುದನ್ನು ತಿಳಿಸುತ್ತೇನೆ. ನಾವು ಬ್ರೇಕ್ ಶಿಫ್ಟ್ ಕೈಬಿಟ್ಟು ಎರಡು ನೇರ ಪಾಳಿ ಮಾಡಿದೆವು. ಮೊದಲನೆಯದು ಬೆಳಿಗ್ಗೆ ಆರರಿಂದ ಎರಡೂವರೆಯವರೆಗೆ, ಎರಡನೆಯದು ಒಂದೂವರೆಯಿಂದ ರಾತ್ರಿ ಹತ್ತರವರೆಗೆ. ಊಟದ ಗದ್ದಲದ ಒಂದು ಗಂಟೆ ಎರಡೂ ಪಾಳಿಯವರು ಇರುತ್ತಾರೆ. ತರಕಾರಿ ಹೆಚ್ಚುವುದು, ಹಿಟ್ಟು ರುಬ್ಬುವುದು, ಮಸಾಲೆ ಹುರಿಯುವುದು ಇವನ್ನೆಲ್ಲ ಎರಡನೆಯ ಪಾಳಿಯವರು ಮೂರರಿಂದ ಐದರೊಳಗೆ ಮುಗಿಸುವುದರಿಂದ ಬೆಳಗಿನವರು ನಾಲ್ಕು ಗಂಟೆಗೇ ಏಳಬೇಕಾಗಿಲ್ಲ. ಸಂಜೆಯ ತಿಂಡಿಗಳ ಪಟ್ಟಿಯನ್ನು ಚಿಕ್ಕದು ಮಾಡಿದೆವು. ಯಾವ ಗಿರಾಕಿಯೂ ಅದಕ್ಕಾಗಿ ಬಿಟ್ಟುಹೋಗಲಿಲ್ಲ. ಜನ ಹೆಚ್ಚು ಬೇಕಾದದ್ದು ನಿಜ, ಸಂಬಳದ ಮೊತ್ತ ಏರಿದ್ದೂ ನಿಜ. ಆದರೆ ಮೊದಲು ದಸರಾ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಮಧ್ಯವರ್ತಿಗೆ ಕಮಿಷನ್ ಕೊಟ್ಟು ಹೊಸಬರನ್ನು ಕರೆತಂದು, ಅವರಿಗೆ ಕಲಿಸುವಷ್ಟರಲ್ಲಿ ಹಾಳಾಗುತ್ತಿದ್ದ ಸಾಮಗ್ರಿಯ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ. ಅದನ್ನು ಬರೆದು ನೋಡಿದರೆ ಹೊಸ ವ್ಯವಸ್ಥೆ ದುಬಾರಿ ಎನ್ನಿಸುವುದಿಲ್ಲ.

ಬೆಲೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಬಿಲ್ಲಿಗೆ ತಾನೇ ತಾನಾಗಿ ಸೇವಾ ಶುಲ್ಕ ಸೇರಿಸಬಾರದೆಂದು 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಮೇಲೆ ಕೆಲಸಗಾರನ ಬದುಕನ್ನು ಟಿಪ್ಸ್ ಮೇಲೆ ಬಿಡುವುದು ಸಲ್ಲದು. ಅವನ ನ್ಯಾಯವಾದ ಸಂಬಳ ತಿಂಡಿಯ ಬೆಲೆಯೊಳಗೇ ಇರಬೇಕು, ಮತ್ತು ಅದನ್ನು ಗಿರಾಕಿಗಳಿಗೆ ನಾವು ಮುಜುಗರವಿಲ್ಲದೆ ಹೇಳಬೇಕು.

ಹಳೆಯ ರಸ್ತೆಯ ಹೋಟೆಲುಗಳ ವಿಷಯ ಬೇರೆಯೇ. ಅಲ್ಲಿ ವ್ಯಾಪಾರವೇ ಕುಸಿದಿರುವಾಗ ಪಾಳಿ ಬದಲಿಸುವುದರಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ.

ಕುವೆಂಪುನಗರದ ಉಪನ್ಯಾಸಕಿ (ಹೋಟೆಲ್ ಮ್ಯಾನೇಜ್‌ಮೆಂಟ್ ಬೋಧಕರು)

ಕಲಿಸುವವರ ಕಡೆಯಿಂದ ಒಂದೆರಡು ಮಾತು. ನಮ್ಮ ತರಗತಿಗೆ ಸೇರುವ ಮಕ್ಕಳಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಅದು ಆರುವುದು ಹೋಟೆಲುಗಳಿಗೆ ಕಳುಹಿಸುವ ಕೈಗಾರಿಕಾ ತರಬೇತಿಯ ತಿಂಗಳುಗಳಲ್ಲಿ. ಪಠ್ಯಕ್ರಮದ ಪ್ರಕಾರ ವಿದ್ಯಾರ್ಥಿಯು ಅಡುಗೆಮನೆ, ಊಟದ ಸೇವೆ, ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್, ಕೊಠಡಿಗಳನ್ನು ಸ್ವಚ್ಛವಾಗಿಡುವ ಹೌಸ್‌ಕೀಪಿಂಗ್ ಈ ನಾಲ್ಕೂ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡಬೇಕು. ಆದರೆ ಜನ ಕಡಿಮೆಯಿರುವ ಹೋಟೆಲಿನಲ್ಲಿ ತರಬೇತಿಗೆ ಬಂದವನನ್ನು ಔತಣಕೂಟದ ತಟ್ಟೆ ಎತ್ತುವುದಕ್ಕೋ ಈರುಳ್ಳಿ ಸುಲಿಯುವುದಕ್ಕೋ ಹಚ್ಚಿದರೆ ಅವಧಿ ಮುಗಿಯುವವರೆಗೂ ಅಲ್ಲಿಂದ ಕದಲಿಸುವುದಿಲ್ಲ. ಈರುಳ್ಳಿ ಸುಲಿಯುವುದು ಕೀಳು ಕೆಲಸ ಎಂದಲ್ಲ, ಅದೂ ಕಲಿಯಬೇಕಾದದ್ದೇ. ಆದರೆ ಅದರಾಚೆಗೆ ಏನೂ ಇಲ್ಲವೆಂದು ಕಂಡ ಹುಡುಗಿ ಹಿಂದಿರುಗಿ ಬಂದು "ಮೇಡಂ, ನಾನು ಎಂಬಿಎ ಮಾಡುತ್ತೇನೆ" ಎನ್ನುತ್ತಾಳೆ. ತನ್ನ ಕಿರಿಯರಿಗೂ ಅದನ್ನೇ ಹೇಳುತ್ತಾಳೆ. ನನ್ನ ಅನುಭವದಲ್ಲಿ ಯಾವ ಜಾಹೀರಾತಿಗಿಂತಲೂ ಹೆಚ್ಚು ಪರಿಣಾಮ ಬೀರುವುದು ಹಿರಿಯ ವಿದ್ಯಾರ್ಥಿಗಳ ಈ ಮಾತು.

ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ಮೆಟ್ಟಿಲುಗಳಿಗೆ ಹೆಸರಿದೆ. ಮೂರನೆಯ ದರ್ಜೆಯ ಕಮಿಯಾಗಿ (ಕಿರಿಯ ಅಡುಗೆಯವರಾಗಿ) ಸೇರಿದವರು ಎರಡು, ಒಂದು ಎಂದು ಏರಿ, ಡೆಮಿ ಶೆಫ್, ಒಂದು ವಿಭಾಗದ ಹೊಣೆ ಹೊರುವ ಸಿಡಿಪಿ, ಮುಖ್ಯ ಬಾಣಸಿಗರ ನಂತರದ ಸ್ಥಾನದ ಸೂ ಶೆಫ್, ಕೊನೆಗೆ ಎಕ್ಸಿಕ್ಯೂಟಿವ್ ಶೆಫ್ ಆಗುತ್ತಾರೆ. ನಮ್ಮ ದರ್ಶಿನಿ, ವೆಜ್ ಹೋಟೆಲುಗಳೂ ತಮ್ಮದೇ ರೀತಿಯಲ್ಲಿ ಇಂಥ ಹಂತಗಳನ್ನು ಬರೆದಿಡಬೇಕು. ಯಾವ ಕೌಶಲ ಬಂದರೆ ಯಾವ ಹಂತ, ಯಾವ ಹಂತಕ್ಕೆ ಎಷ್ಟು ಸಂಬಳ ಎಂಬುದು ಕೆಲಸಕ್ಕೆ ಸೇರುವ ದಿನವೇ ತಿಳಿದಿರಬೇಕು. ಕಾವಲಿಯವರು ಹೇಳಿದ ಹಿಟ್ಟಿನ ಹುಳಿಯ ಜ್ಞಾನಕ್ಕೆ ಒಂದು ದರ್ಜೆ ಏಕಿರಬಾರದು?

ಮಾಲೀಕರು ಬಳಸಿಕೊಳ್ಳಬಹುದಾದ ದಾರಿಯೊಂದಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು, ಅಂದರೆ ಶಿಷ್ಯವೇತನ ಪಡೆಯುತ್ತ ಕೆಲಸ ಕಲಿಯುವವರನ್ನು, ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಮಂದಿ ಇರುವವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಶೇಕಡ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಮದ್ದೂರಿನವರಂಥ ಸಣ್ಣ ಮಾಲೀಕರಿಗೂ ಇದು ತಕ್ಕ ಮಟ್ಟಿಗೆ ನೆರವಾಗಬಲ್ಲದು.

ರಿಸೆಪ್ಷನ್ ಡೆಸ್ಕ್ (ಫ್ರಂಟ್ ಆಫೀಸ್ ಉದ್ಯೋಗಿ, ಮೈಸೂರು)

ಇಲ್ಲಿಯವರೆಗಿನ ಚರ್ಚೆಯಲ್ಲಿ ಬಹುತೇಕ "ಹುಡುಗ" ಎಂಬ ಮಾತೇ ಬಂದಿದೆ. ಹೆಣ್ಣುಮಕ್ಕಳನ್ನು ಬಿಟ್ಟು ಜನರ ಕೊರತೆ ನೀಗುವುದಿಲ್ಲ. ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯವಳು, ಈಗ ಮೈಸೂರಿನ ವಸತಿ ಹೋಟೆಲೊಂದರಲ್ಲಿ ಫ್ರಂಟ್ ಆಫೀಸಿನಲ್ಲಿದ್ದೇನೆ. ಈ ಕೆಲಸವನ್ನು ನಾನು ಪ್ರೀತಿಸುತ್ತೇನೆ. ರೈಲು ತಡವಾಗಿ, ಮಗುವಿಗೆ ಜ್ವರ ಬಂದು, ಕಾದಿರಿಸಿದ ಕೊಠಡಿಯ ಬಗ್ಗೆ ಗೊಂದಲವಾಗಿ ರೇಗಿಕೊಂಡು ಬಂದ ಕುಟುಂಬವೊಂದನ್ನು ಹತ್ತು ನಿಮಿಷದಲ್ಲಿ ಸಮಾಧಾನಪಡಿಸಿ, ಮಗುವಿಗೆ ಬಿಸಿ ಗಂಜಿ ಹೇಳಿ, ವೈದ್ಯರಿಗೆ ಫೋನ್ ಮಾಡಿಸಿ, ಮರುದಿನ ಅವರು ನಗುತ್ತ ಅರಮನೆಗೆ ಹೊರಡುವುದನ್ನು ನೋಡುವಾಗ ಸಿಗುವ ತೃಪ್ತಿ ನನಗೆ ಬೇರೆ ಉದ್ಯೋಗದಲ್ಲಿ ಸಿಗುತ್ತಿತ್ತೆಂದು ಅನ್ನಿಸುವುದಿಲ್ಲ.

ಆದರೆ ನನ್ನ ಮೊದಲ ಕೆಲಸದ ಜಾಗದಲ್ಲಿ ಸಂಜೆಯ ಪಾಳಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತಿತ್ತು, ಮನೆಗೆ ಹೋಗುವುದು ನಮ್ಮ ಪಾಡು ಎಂಬಂತಿತ್ತು. ಆ ಹೊತ್ತಿಗೆ ನಮ್ಮ ಊರಿಗೆ ಬಸ್ಸಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದದ್ದು ಬಹಳ ದೊಡ್ಡ ಅನುಕೂಲ, ಹಗಲಿನ ಪಾಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವುದು ಸುಲಭವಾಗಿದೆ. ಬಸ್ಸೇ ಇಲ್ಲದ ಹೊತ್ತಿಗೆ ಹೋಟೆಲಿನ ವಾಹನ ಬೇಕು. ಈಗಿನ ಹೋಟೆಲಿನಲ್ಲಿ ಅದಿದೆ, ಆದ್ದರಿಂದಲೇ ನಾನಿನ್ನೂ ಈ ಉದ್ಯೋಗದಲ್ಲಿ ಉಳಿದಿದ್ದೇನೆ. ಕುಡಿದು ಬಂದ ಅತಿಥಿ ಅನುಚಿತವಾಗಿ ಮಾತನಾಡಿದಾಗ "ಗಿರಾಕಿಯೇ ದೇವರು, ಸಹಿಸಿಕೋ" ಎನ್ನುವ ಮ್ಯಾನೇಜರ್ ಇದ್ದಲ್ಲಿ ಹೆಣ್ಣುಮಕ್ಕಳು ನಿಲ್ಲುವುದಿಲ್ಲ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಇರುವೆಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಕಾಣುವಂತಿರಬೇಕು.

ಹೌಸ್‌ಕೀಪಿಂಗ್‌ನ ಗೆಳತಿಯರ ಪರವಾಗಿಯೂ ಒಂದು ಮಾತು. ಒಂದು ಪಾಳಿಯಲ್ಲಿ ಹದಿನಾಲ್ಕು ಹದಿನಾರು ಕೊಠಡಿ ಕೊಡುವಾಗ ಅತಿಥಿ ಉಳಿದಿರುವ ಕೊಠಡಿ ಯಾವುದು, ಖಾಲಿಮಾಡಿ ಹೋದದ್ದು ಯಾವುದು ಎಂದು ನೋಡಿ ಹಂಚಬೇಕು. ಖಾಲಿಯಾದ ಕೊಠಡಿಯಲ್ಲಿ ಹಾಸಿಗೆಯ ಎಲ್ಲ ಹೊದಿಕೆ ಬದಲಿಸಿ, ಬಚ್ಚಲು ಉಜ್ಜಿ, ಕಪಾಟು ಒರೆಸಿ ಮುಗಿಸಲು ಅರ್ಧ ಗಂಟೆಗಿಂತ ಹೆಚ್ಚೇ ಬೇಕು. ದಸರಾ ದಿನಗಳಲ್ಲಿ ಬಹುತೇಕ ಎಲ್ಲವೂ ಖಾಲಿಯಾಗಿ ತುಂಬುವ ಕೊಠಡಿಗಳೇ. ಆಗಲೂ ಅದೇ ಸಂಖ್ಯೆ ಕೊಟ್ಟರೆ ಸೊಂಟ ಬಿದ್ದುಹೋಗುತ್ತದೆ.

ನಾಲೆ ಬಯಲು (ರೈತರು, ಪಾಂಡವಪುರ)

ನಾನು ಕಬ್ಬು, ಭತ್ತ ಬೆಳೆಯುವವನು. ಮಗಳು ಈ ವರ್ಷ ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಅವಳ ಅಜ್ಜಿಗೂ ತಾಯಿಗೂ ಇಷ್ಟವಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನಿಗೆ ನಮ್ಮ ಕಡೆ ಹೆಣ್ಣು ಕೊಡುವುದು ಕಷ್ಟ, ಹುಡುಗಿಯೆಂದರೆ ಜನ ಇನ್ನೂ ಹತ್ತು ಮಾತು ಆಡುತ್ತಾರೆ ಎಂಬುದು ಅವರ ಚಿಂತೆ. ರೈತರ ಮಕ್ಕಳಿಗೂ ಅದೇ ಮಾತು ಕೇಳಿ ನಮಗೆ ಅಭ್ಯಾಸವಾಗಿದೆ, ಆದ್ದರಿಂದ ಆ ಮಾತಿಗೆ ನಾನು ಬಹಳ ಬೆಲೆ ಕೊಡುವುದಿಲ್ಲ. ನನಗೆ ತಿಳಿಯಬೇಕಾದದ್ದು ಇಷ್ಟು. ಎಲ್ಲಿ ಓದಿಸಬೇಕು, ಓದಿಗೆ ತಕ್ಕ ಕೆಲಸ ಸಿಗುತ್ತದೆಯೇ, ಕೆಲಸ ಕೊಡುವ ಜಾಗ ಒಳ್ಳೆಯದೆಂದು ನಮ್ಮಂಥವರು ತಿಳಿಯುವುದು ಹೇಗೆ? ಉಪನ್ಯಾಸಕರು ದಯವಿಟ್ಟು ತಿಳಿಸಬೇಕು.

ಕುವೆಂಪುನಗರದ ಉಪನ್ಯಾಸಕಿ

ತಾವು ಕೇಳಿದ್ದು ಬಹಳ ಒಳ್ಳೆಯದಾಯಿತು. ಪಿಯುಸಿಯಲ್ಲಿ ಯಾವ ವಿಭಾಗವಾದರೂ ಅಡ್ಡಿಯಿಲ್ಲ, ಇಂಗ್ಲಿಷ್ ಒಂದು ವಿಷಯವಾಗಿರಬೇಕು. ಹೋಟೆಲ್ ಮ್ಯಾನೇಜ್‌ಮೆಂಟ್ ಪ್ರವೇಶಕ್ಕಾಗಿ ನಡೆಯುವ ರಾಷ್ಟ್ರಮಟ್ಟದ ಎನ್‌ಸಿಎಚ್‌ಎಂ ಜೆಇಇ ಪರೀಕ್ಷೆ ಬರೆದರೆ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಕೇಂದ್ರೀಯ ಐಎಚ್‌ಎಂನಲ್ಲಿ (ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ) ಮೂರು ವರ್ಷದ ಬಿ.ಎಸ್ಸಿ. ಪದವಿಗೆ ಸೀಟು ದೊರೆಯುವ ಅವಕಾಶವಿದೆ. ಮೈಸೂರಿನಲ್ಲೇ ಓದಿಸಬೇಕೆಂದಿದ್ದರೆ ಖಾಸಗಿ ಕಾಲೇಜುಗಳಿವೆ. ಸೇರಿಸುವ ಮುನ್ನ ಅಲ್ಲಿಯ ತರಬೇತಿ ಅಡುಗೆಮನೆಯನ್ನು ಕಣ್ಣಾರೆ ನೋಡಿ, ಒಲೆಗಳು ದಿನವೂ ಉರಿಯುವ ಹಾಗಿವೆಯೇ ಅಥವಾ ತೋರಿಕೆಗೆ ಇಟ್ಟಂತಿವೆಯೇ ಎಂಬುದು ನೋಡಿದರೇ ಗೊತ್ತಾಗುತ್ತದೆ. ಪದವಿಯ ಖರ್ಚು ಹೆಚ್ಚೆನ್ನಿಸಿದವರಿಗೆ ಎಸ್ಸೆಸ್ಸೆಲ್ಸಿಯ ಮೇಲೆ ಐಟಿಐನ ಒಂದು ವರ್ಷದ ಫುಡ್ ಪ್ರೊಡಕ್ಷನ್ ಕೋರ್ಸ್ ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009–10ರಲ್ಲಿ ಆರಂಭಿಸಿದ "ಹುನರ್ ಸೆ ರೋಜ್‌ಗಾರ್ ತಕ್" ಯೋಜನೆ ಇಂಥವರಿಗೆಂದೇ ರೂಪುಗೊಂಡದ್ದು. ಎಂಟನೆಯ ತರಗತಿ ಓದಿದವರಿಗೂ ಕೆಲವೇ ವಾರಗಳಲ್ಲಿ ಅಡುಗೆ, ಸೇವೆ, ಹೌಸ್‌ಕೀಪಿಂಗ್ ಕಲಿಸುವುದು ಅದರ ಉದ್ದೇಶ.

ಜಾಗ ಒಳ್ಳೆಯದೆಂದು ತಿಳಿಯಲು ಸಂದರ್ಶನದಲ್ಲಿ ಮಗಳೇ ಕೇಳಲಿ. ನೇಮಕಾತಿ ಆದೇಶ ಯಾವಾಗ ಕೊಡುತ್ತೀರಿ, ಪಾಳಿಪಟ್ಟಿ ಎಷ್ಟು ದಿನ ಮುಂಚೆ ಹಾಕುತ್ತೀರಿ, ರಾತ್ರಿ ವಾಹನವಿದೆಯೇ, ವಸತಿ ಕೊಟ್ಟರೆ ಒಂದು ಕೋಣೆಗೆ ಎಷ್ಟು ಮಂದಿ, ಮುಂದಿನ ಹುದ್ದೆಗೆ ಏರಲು ಏನು ಕಲಿತಿರಬೇಕು? ಇವಕ್ಕೆ ನೇರ ಉತ್ತರ ಕೊಡಲು ತಡವರಿಸುವ ಜಾಗಕ್ಕೆ ಕಳುಹಿಸಬೇಡಿ. ಓದಿಗೆ ತಕ್ಕ ಕೆಲಸ ಸಿಗುತ್ತದೆಯೇ ಎಂಬುದಕ್ಕೆ ನನ್ನ ಉತ್ತರ ಹೌದು, ಆದರೆ ಮೊದಲ ಒಂದೆರಡು ವರ್ಷ ನಿಂತೇ ದುಡಿಯಬೇಕು, ಹಬ್ಬದ ದಿನ ಮನೆಯಲ್ಲಿರುವುದು ಅಪರೂಪ. ಅದನ್ನು ಅವಳಿಗೆ ಈಗಲೇ ತಿಳಿಸಿ. ತಿಳಿದು ಬಂದವರು ಉಳಿಯುತ್ತಾರೆ.

ನಾಲೆ ಬಯಲು

ಬಹಳ ಉಪಕಾರವಾಯಿತು, ಮೇಡಂ. ಸೇರಿಸುವ ಮೊದಲು ಮಗಳನ್ನು ಒಂದು ದಿನ ಹೋಟೆಲಿನ ಒಳಗಿನ ಕೆಲಸ ನೋಡಲು ಕರೆತರಬಹುದೇ? ಯಾರನ್ನು ಕೇಳಬೇಕೆಂದು ತಿಳಿಯದು.

ಅಗ್ರಹಾರದ ಹೋಟೆಲ್‌ನವರು

ಧಾರಾಳವಾಗಿ ನಮ್ಮಲ್ಲಿಗೆ ಬನ್ನಿ, ತಾಯಿಯವರನ್ನೂ ಅಜ್ಜಿಯವರನ್ನೂ ಕರೆತನ್ನಿ. ಭಾನುವಾರ ಬೇಡ, ವಾರದ ನಡುವಿನ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಬಂದರೆ ಗದ್ದಲದ ಸಮಯವನ್ನೂ ನೋಡಬಹುದು, ಮೂರರವರೆಗೆ ಉಳಿದರೆ ಪಾಳಿ ಬದಲಾಗುವುದನ್ನೂ ನೋಡಬಹುದು. ಪಾಳಿಪಟ್ಟಿ, ವೇತನ ಚೀಟಿಯ ಮಾದರಿ ಎರಡನ್ನೂ ತೋರಿಸುತ್ತೇನೆ. ನಮ್ಮಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೊಂದಿಗೆ ನಿಮ್ಮ ಮಗಳು ನಾನು ಎದುರಿಗಿಲ್ಲದಾಗ ಮಾತನಾಡಲಿ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಇಂಥ ಭೇಟಿಗೆ ತಮ್ಮ ಹೋಟೆಲನ್ನು ತೆರೆದಿಡಲು ಸಿದ್ಧವಿರುವ ಬೇರೆ ಮಾಲೀಕರಿದ್ದರೆ ಇಲ್ಲಿಯೇ ತಿಳಿಸಿ. ಪಿಯುಸಿ ಫಲಿತಾಂಶ ಬರುವ ಮುನ್ನ ಪಟ್ಟಿಯೊಂದನ್ನು ಸಿದ್ಧಪಡಿಸಿ ಮೈಸೂರು, ಮಂಡ್ಯದ ಕಾಲೇಜುಗಳಿಗೆ ತಲುಪಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಹಳೆ ಹೆದ್ದಾರಿ

ಮದ್ದೂರಿನಿಂದ ನನ್ನ ಹೆಸರನ್ನು ಬರೆದುಕೊಳ್ಳಿ. ಅಪ್ರೆಂಟಿಸ್ ನೋಂದಣಿ ಹೇಗೆ ಮಾಡಬೇಕೆಂಬುದನ್ನು ಉಪನ್ಯಾಸಕರು ಬಿಡುವಾದಾಗ ವಿವರವಾಗಿ ಬರೆದರೆ, ಇಬ್ಬರನ್ನು ತೆಗೆದುಕೊಂಡು ನೋಡುತ್ತೇನೆ.